ಗುಡಿಸಲಿನಲ್ಲಿ ಗೆದ್ದ ಮಾತು

ವೇಲ್ಸಿನ ಆ ಸ್ಲೇಟುಗಣಿಯಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಸಾಕು, ದೇವರ ಜಗಳವೂ ಬಿಚ್ಚಿಕೊಳ್ಳುತ್ತಿತ್ತು. ವಾದ ನಡೆಸಲು ಊಟದ ಗುಡಿಸಲಿಗೊಬ್ಬ ಅಧ್ಯಕ್ಷ, ಒಲೆಯ ಆಚೆ ಒಂದು ಪಕ್ಷ, ಈಚೆ ಒಂದು ಪಕ್ಷ. ದೇವರು ತನ್ನವರನ್ನು ಮೊದಲೇ ಆರಿಸಿಟ್ಟಿದ್ದಾನೆ, ಆರಿಸಿದವರನ್ನು ಎಂದೂ ಕೈಬಿಡುವುದಿಲ್ಲ ಎನ್ನುವ ಗುರು ಕ್ಯಾಲ್ವಿನನ ಕಡೆಗೆ ಚಾಪೆಲ್ ಎಂಬ ಪ್ರಾರ್ಥನಾಮಂದಿರದ ಹಿರಿಯ ಎಬೆನೇಸರ್. ಅವನ ನಾಲಿಗೆಗೆ ಹೆದರದವರಿಲ್ಲ. ಇನ್ನೊಬ್ಬ ಗುರು ವೆಸ್ಲಿಯ ಕಡೆಗೆ ಎಬೆನೇಸರನ ಪಕ್ಕದ ಮನೆಯ ಮೆರೆಡಿತ್.

"ದೇವರ ಕರೆ ಎಲ್ಲರಿಗೂ ಬರುತ್ತೆ ಕಣಯ್ಯ," ಎಂದ ಮೆರೆಡಿತ್ ಆ ದಿನ. "ಒಪ್ಪೋದು ಬಿಡೋದು ನಮಗೆ ಬಿಟ್ಟಿದ್ದು. ಒಪ್ಪಿದವನು ಕೈ ಕೊಡವಿಕೊಂಡು ಓಡಿಹೋಗಲೂಬಹುದು."

"ಹಾಗೋ?" ಎಬೆನೇಸರ್ ಚಹಾದ ಡಬ್ಬಿ ಕೆಳಗಿಟ್ಟ. "ಹಾಗಾದ್ರೆ ಚಾಪೆಲ್ ಬಿಟ್ಟು, ಕುಡಿದು, ಹೊಂಡಕ್ಕೆ ಬಿದ್ದು ಸತ್ತನಲ್ಲ ನಿನ್ನ ತಮ್ಮ, ಅವನೀಗ ಎಲ್ಲಿದಾನೆ? ಸ್ವಲ್ಪ ಹೇಳು ಮಾರಾಯ."

ಒಬ್ಬಿಬ್ಬರು ನಕ್ಕರು, ಆಮೇಲೆ ಅವರೂ ಬುತ್ತಿಯ ಕಡೆ ತಿರುಗಿದರು. ಮೆರೆಡಿತ್ ತಿನ್ನದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದುಹೋದ. "ಗೆದ್ದೆ ಬಿಡಪ್ಪ," ಎಂದ ಅಧ್ಯಕ್ಷ, ಎಬೆನೇಸರನ ಮುಖ ಮಾತ್ರ ನೋಡಲಿಲ್ಲ.

ಥೂ, ಎಂಥ ಮಾತಾಡಿಬಿಟ್ಟೆ ಅನ್ನಿಸಿತು ಎಬೆನೇಸರನಿಗೆ. ಓಡಿಹೋಗಿ ತಪ್ಪಾಯಿತು ಅನ್ನಬಹುದಿತ್ತು. ಅಂದನೇ? ಎಲ್ಲಿಯ ಮಾತು! ಹಿರಿಯರಲ್ಲವೇ, ದೊಡ್ಡಸ್ತಿಕೆ ಅಡ್ಡ ಬಂತು.

ಮನೆಯಲ್ಲಿ ಮಗಳು ಲೌರಿ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು. ವೈದ್ಯರು ಕೈಬಿಟ್ಟಿದ್ದರು. ಹುಡುಗಿಗೆ ಸಾವಿನ ಭಯಕ್ಕಿಂತ ಇನ್ನೊಂದು ಭಯ: ದೇವರು ಆರಿಸಿಕೊಂಡವರಲ್ಲಿ ತಾನಿಲ್ಲದಿದ್ದರೆ? ಅಪ್ಪ ಬೈಬಲ್ಲಿನ ವಚನದ ಮೇಲೆ ವಚನ ಹೇಳಿದಷ್ಟೂ ಅವಳ ಅಳು ಹೆಚ್ಚುತ್ತಿತ್ತು.

ಆ ಸಂಜೆ ಅವಳು, "ಮೆರೆಡಿತ್ ಮಾಮನ್ನ ಕರೀರಿ," ಎಂದಳು. ಎಬೆನೇಸರ್ ಹೆಂಡತಿಯ ಕಡೆ ನೋಡಿದ. ಬೇರೆ ದಿನವೇ ಸಿಗಲಿಲ್ಲವೇ ಇವಳಿಗೆ! ಹೆಂಡತಿಯೇ ಹೋಗಿ ಕರೆದಳು. ಕರೆದ ಕೂಡಲೇ ಟೋಪಿ ಕೈಯಲ್ಲಿ ಹಿಡಿದು ಬಂದ ಮೆರೆಡಿತ್ ನೇರ ಒಳಗೆ ಹೋದ. ಎಬೆನೇಸರ್ ಅಡುಗೆಮನೆಯಲ್ಲಿ ನಿಂತು ಕಿವಿಗೊಟ್ಟ. 'ನಿಮ್ಮಪ್ಪನ ದೇವರು ಕೆಲವರಿಗೆ ಮಾತ್ರ, ನಮ್ಮವನು ಎಲ್ಲರಿಗೂ' ಅಂದರೆ ಸಾಕು, ಹುಡುಗಿ ವೆಸ್ಲಿಯ ಪಾಲು. ಮೆರೆಡಿತನ ಜಾಗದಲ್ಲಿ ತಾನಿದ್ದರೆ ಹಾಗೇ ಮಾಡುತ್ತಿದ್ದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನನ್ನನ್ನ ಆರಿಸಿದಾನಾ ಮಾಮ?" ಲೌರಿಯ ದನಿ ಕೇಳಿಸಿತು.

"ನೋಡು ಕೂಸೇ, ನಾನು ವೆಸ್ಲಿಯವನು. ಈ ವಿಷಯದಲ್ಲಿ ನಿಮ್ಮಪ್ಪಂಗೂ ನಂಗೂ ಆಗಿಬರಲ್ಲ, ಅದನ್ನ ನಿನ್ನತ್ರ ಮುಚ್ಚಿಡಲ್ಲ. ಆದ್ರೆ ನೀನು ಬೆಳೆದಿದ್ದು ಅವನ ನಂಬಿಕೆಯಲ್ಲಿ, ಅದರಲ್ಲೇ ನಿನಗೆ ಬೇಕಾದ್ದಿದೆ. ದೇವರು ನಿನ್ನ ಹಿಡಿದಿರೋದು ನಿನ್ನ ಬಲ ನೋಡಿ ಅಲ್ಲ. ಕೆಮ್ಮಿ ಕೆಮ್ಮಿ ಸುಸ್ತಾಗಿ ನೀನು ಪ್ರಾರ್ಥನೆ ಮರೆತ್ರೂ ಅವನ ಕೈ ಸಡಿಲ ಆಗಲ್ಲ. ಅವನು ಬೇಕು ಅಂತ ಅಳ್ತಿದೀಯಲ್ಲ, ಆ ಆಸೆ ಹುಟ್ಟಿಸಿದವನೂ ಅವನೇ ಅಂತಾನೆ ನಿಮ್ಮಪ್ಪ. ಬೇಡವಾದವಳಲ್ಲಿ ಯಾಕೆ ಹುಟ್ಟಿಸ್ತಾನೆ ಹೇಳು? ಅದನ್ನೇ ಗಟ್ಟಿಯಾಗಿ ಹಿಡ್ಕೋ."

ಎಬೆನೇಸರ್ ತನ್ನ ನಂಬಿಕೆಯನ್ನು ತಾನೇ ಇಷ್ಟು ಮೆತ್ತಗೆ ಯಾರಿಗೂ ಹೇಳಿರಲಿಲ್ಲ. ಒಳಗೆ ಲೌರಿಯ ಅಳು ನಿಂತಿತು. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು.

ಹೊರಬಂದ ಮೆರೆಡಿತನ ತೋಳು ಹಿಡಿದು, "ಮಧ್ಯಾಹ್ನ ನಾನು..." ಎಂದು ತೊದಲಿದ.

"ಈಗ ಬೇಡ ಎಬೆನೇಸರ್. ಇನ್ನೂ ಉರೀತಿದೆ ನಂಗೆ," ಎಂದ ಮೆರೆಡಿತ್. "ಮಗಳ ಹತ್ರ ಹೋಗು."

ಲೌರಿಯ ಮುಖ ತಿಳಿಯಾಗಿತ್ತು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿಮ್ಮ ಮಾತನ್ನ ಮಾಮ ಎಷ್ಟು ಚೆನ್ನಾಗಿ ಹೇಳಿದ್ರು ಗೊತ್ತಾ ಅಪ್ಪಾ? ಅವರ ನಂಬಿಕೆ ಏನು? ತಮ್ಮ ಹಾಗೆ ಹೋದ ಮೇಲೂ ಅವರು ದಿನಾ ಹಾಡ್ತಾ ಕೆಲಸಕ್ಕೆ ಹೋಗ್ತಾರಲ್ಲ, ಏನು ನಂಬ್ಕೊಂಡು? ನೀವು ಹೇಳಿ."

ಎಬೆನೇಸರ್ ಬಾಯಿ ತೆರೆದ. ಗುಡಿಸಲಿನಲ್ಲಿ ಎದುರುಬದುರು ಕೂತು ವರ್ಷಗಳೇ ಕಳೆದಿದ್ದವು. ನೆನಪಿಗೆ ಬಂದದ್ದೆಲ್ಲ ತನ್ನದೇ ಕುಟುಕುಗಳು, ಜನರ ನಗು.

"ಗೊತ್ತಿಲ್ಲ ಮಗಳೇ," ಎಂದ. "ಸೋಲಿಸೋಕೆ ಬೇಕಾದಷ್ಟು ಮಾತ್ರ ಕೇಳಿಸ್ಕೊಂಡಿದೀನಿ."