ಕೈಯಗಲದ ಸಂದು

ದುರಸ್ತಿಯಾದ ಕಂಬ ಆನೆಯ ಕಾಲಿನಷ್ಟು ದಪ್ಪವಾಗಿ, ಬೂದು ಬಣ್ಣ ಬಳಿದುಕೊಂಡು, ಹೊಸ ಅಂಗಿ ತೊಟ್ಟವನ ಠೀವಿಯಲ್ಲಿ ನಿಂತಿತ್ತು. ನಾಲ್ಕು ಮಹಡಿಯ ಹಳೇ ಕಟ್ಟಡದ ತಳದಲ್ಲಿ, ಕಾರು ನಿಲ್ಲಿಸುವ ಜಾಗದ ನಡುವಿನ ಕಂಬವದು. ಮೇಲಿನ ಮನೆಗಳ ಹೊರೆಯಲ್ಲಿ ದೊಡ್ಡ ಪಾಲು ಅದರ ತಲೆಯ ಮೇಲೆಯೇ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟು ಹಕ್ಕಳೆಯೆದ್ದು ಬೀಳುತ್ತಿದ್ದಾಗ, ಹೊಸ ಸರಳು ಕಟ್ಟಿ ಸುತ್ತಲೂ ಕಾಂಕ್ರೀಟಿನ ಜಾಕೆಟ್ ತೊಡಿಸುವಂತೆ ನಕ್ಷೆ ಬರೆದುಕೊಟ್ಟವಳು ಎಂಜಿನಿಯರ್. ಕೆಲಸ ಮಾಡಿಸಿದ ಕಂಟ್ರಾಕ್ಟರ್ ಅವಳ ಒಡಹುಟ್ಟಿದ ತಮ್ಮ. ಇವತ್ತು ಅವಳು ಕೊನೆಯ ಪರೀಕ್ಷೆಗೆ ಬಂದಿದ್ದಳು.

"ಹೆಂಗಿದೆ ಅಕ್ಕಾ? ನಿನ್ನ ಹಾಗೇ ದಪ್ಪ, ನಿನ್ನ ಹಾಗೇ ಗಟ್ಟಿ."

"ಬಾಯಿ ಸಾಕು. ಏಣಿ ತಾ."

ಅವಳು ಸಣ್ಣ ಸುತ್ತಿಗೆಯಿಂದ ಬುಡದಿಂದ ಬಡಿಯುತ್ತ ಬಂದಳು. ಬುಡದಲ್ಲಿ ಠಣ್ ಎಂದಿತು, ಎದೆಮಟ್ಟದಲ್ಲೂ ಠಣ್. ಏಣಿ ಹತ್ತಿ ತೊಲೆಯ ಕೆಳಗೆ ಬಡಿದಾಗ ಮಾತ್ರ ಖಾಲಿ ಡಬ್ಬದ ಹಾಗೆ ಟೊಳ್ಳು ಸದ್ದು ಬಂತು. ಪಕ್ಕಕ್ಕೆ ಸರಿದು ಬಡಿದಳು. ಅಲ್ಲೂ ಅದೇ.

"ಇಲ್ಲೇನು ತುಂಬಿದ್ದೀಯ?"

"ಗಾರೆ."

"ಗಾರೆಯ ಹಿಂದೆ?"

ತಮ್ಮ ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ತನ್ನ ಚಪ್ಪಲಿ ನೋಡಿಕೊಂಡ. "ಇಟ್ಟಿಗೆ ಚೂರು ತುರುಕಿದ್ದೀವಿ ಅಕ್ಕಾವ್ರೆ. ಗ್ರೌಟ್ ಬರೋದು ತಡ ಆಯ್ತು."

ಹಲಗೆಯ ಪೆಟ್ಟಿಗೆ ಕಟ್ಟಿ ಸುರಿದ ಕಾಂಕ್ರೀಟು ತೊಲೆಯ ತಳ ಮುಟ್ಟುವುದಿಲ್ಲ. ಮೇಲೆ ಕೈಯಗಲ ಸಂದು ಉಳಿದೇ ಉಳಿಯುತ್ತದೆ. ಒಣಗಿದರೂ ಕುಗ್ಗದ ಸಿಮೆಂಟಿನ ಗ್ರೌಟನ್ನು ಅಲ್ಲಿ ಒತ್ತಿ ತುಂಬದಿದ್ದರೆ ತೊಲೆಯ ಭಾರ ಜಾಕೆಟ್ಟಿಗೆ ಇಳಿಯಲು ದಾರಿಯೇ ಇಲ್ಲ. ಹೊರೆ ಹೊತ್ತವನ ಪಕ್ಕ ಕೈಕಟ್ಟಿ ನಿಂತ ನೆಂಟನ ಹಾಗೆ ಅದು ಬರೀ ನೋಡುತ್ತಿರುತ್ತದೆ. ಸಾಲದ್ದಕ್ಕೆ, ಜಾಕೆಟ್ ಕಚ್ಚಿಕೊಳ್ಳಲೆಂದು ಹಳೆಯ ಕಂಬದ ಮೈಯನ್ನು ಸುತ್ತಲೂ ಕೆತ್ತಿದ್ದರು. ಆ ಕೈಯಗಲದಲ್ಲಿ ಈಗ ಇದ್ದದ್ದು ಮೊದಲಿಗಿಂತಲೂ ಬಡಕಲಾದ ಕಂಬ, ಒಂಟಿಯಾಗಿ.

"ತೊಲೆಗೆ ಊರುಗೋಲಾಗಿ ಆನಿಸಿದ್ದ ಕಬ್ಬಿಣದ ಜಾಕಿಗಳೆಲ್ಲಿ?"

"ನಿನ್ನೆ ಬಿಚ್ಚಿಸಿದೆ. ಕಾರಿಗೆ ಜಾಗ ಇಲ್ಲ ಅಂತ ಅಸೋಸಿಯೇಷನ್ ಸೆಕ್ರೆಟರಿ ದಿನಾ ತಲೆ ತಿಂತಿದ್ರು."

ಅವಳು ಸುತ್ತಿಗೆಯ ಮೂತಿಯಿಂದ ಗಾರೆ ಕೆರೆದಳು. ಇಟ್ಟಿಗೆ ಚೂರು ಉದುರಿತು. ಒಳಗಿನ ಹಳೇ ಕಾಂಕ್ರೀಟಿನಲ್ಲಿ ಕೂದಲೆಳೆಯ ಬಿರುಕುಗಳು, ಎಲ್ಲವೂ ನೆಟ್ಟಗೆ ನಿಂತವು. ಭಾರಕ್ಕೆ ನಜ್ಜಾಗುವ ಕಂಬ ಹಾಗೆಯೇ ಸೀಳುತ್ತದೆ. ನೋಡುತ್ತಿದ್ದಂತೆ ಅವಳ ತೋಳಿನ ಮೇಲೆ ಪುಡಿ ಬಿತ್ತು. ಯಾರೂ ಮುಟ್ಟಿರಲಿಲ್ಲ.

"ಎಲ್ಲರನ್ನೂ ಕೆಳಗಿಳಿಸು. ಈಗಲೇ."

"ಅಕ್ಕಾ, ಮೆತ್ತಗೆ. ಜನರ ಮುಂದೆ ಮಾನ ಹೋಗುತ್ತೆ. ಜಾಕಿ ವಾಪಸ್ ತರಿಸಿ ಸದ್ದಿಲ್ಲದೆ ಸರಿ ಮಾಡೋಣ."

"ಮಾನ ಆಮೇಲೆ ಹುಡುಕೋಣ. ನಡಿ!"

ಮೊದಲ ಮಹಡಿಯ ಬಾಗಿಲಲ್ಲೇ ಸೆಕ್ರೆಟರಿ ಅಡ್ಡ ನಿಂತ. "ಏನಮ್ಮಾ ಇದು! ಕಂಬ ಕಡ್ಡಿ ಹಾಗಿದ್ದಾಗ ಇಳೀರಿ ಅನ್ನಲಿಲ್ಲ. ಈಗ ಆನೆಕಾಲಾಗಿದೆ, ಈಗ ಇಳೀರಿ ಅಂತೀರಿ!"

"ಆಗ ಜಾಕಿ ಇತ್ತು. ಈಗ ಇಲ್ಲ. ಚಪ್ಪಲಿ ಹುಡುಕಬೇಡಿ, ಬನ್ನಿ."

ಅವಳ ಮುಖ ನೋಡಿ ಅವನು ಬಾಗಿಲು ಬಿಟ್ಟು ಸರಿದ. ಬೈದುಕೊಂಡು, ಮಕ್ಕಳನ್ನು ಎತ್ತಿಕೊಂಡು, ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಜನ ಇಳಿದರು. ಉಳಿದವರು ನಾಲ್ಕನೇ ಮಹಡಿಯ ದಂಪತಿ: ಲಕ್ವ ಹೊಡೆದು ಮಲಗಿದ್ದ ಮಾಜಿ ಬಸ್ ಡ್ರೈವರ್, ಅವನ ಹೆಂಡತಿ. ಲಿಫ್ಟ್ ಇರಲಿಲ್ಲ. ಮೇಸ್ತ್ರಿ ಮತ್ತು ಇನ್ನೊಬ್ಬ ಕೆಲಸದವನು ಅವನನ್ನು ಕುರ್ಚಿಗೆ ಕಟ್ಟಿ ಹೊತ್ತರು.

"ನನ್ನ ಗಾಡಿಗೆ ರಿವರ್ಸ್ ಇಲ್ಲ, ನಿಧಾನ," ಎಂದು ಡ್ರೈವರ್ ತೊದಲಿದ. ಹೆಂಡತಿ ಅಳುತ್ತಲೇ ಗದರಿದಳು: "ಈಗಲಾದ್ರೂ ಸುಮ್ನಿರಿ."

ಎಂಜಿನಿಯರ್ ಮೆಟ್ಟಿಲ ದಾರಿ ತೆರವಾಗಿದೆಯೇ ನೋಡಲು ಕೆಳಗೆ ಓಡಿಬಂದಳು. ತಮ್ಮ ತೊಲೆಯ ಕೆಳಗಿದ್ದ. ಮೂಲೆಯಲ್ಲಿ ಒಯ್ಯದೆ ಬಿಟ್ಟಿದ್ದ ಎರಡು ಜಾಕಿಗಳಲ್ಲಿ ಒಂದನ್ನು ನಿಲ್ಲಿಸಿ ತಿರುಪು ಬಿಗಿಯುತ್ತಿದ್ದ.

"ಹೊರಗೆ ಬಾರೋ!"

"ಬೈಯೋದನ್ನ ಆಮೇಲೆ ಬೈಯಿ. ಆ ಇನ್ನೊಂದನ್ನ ಇತ್ತ ತಳ್ಳು."

ಒಡೆಯುತ್ತಿರುವ ಕಂಬದ ಹತ್ತಿರ ಯಾರೂ ಇರಕೂಡದು. ಇದು ಅವಳೇ ಪ್ರತಿ ಕೆಲಸದಲ್ಲೂ ಹೇಳುವ ಮೊದಲ ಮಾತು. ಆದರೆ ಮೆಟ್ಟಿಲು ಆತುಕೊಂಡಿದ್ದೂ ಇದೇ ತೊಲೆಗೆ. ಕುರ್ಚಿ ಇನ್ನೂ ಮೂರನೇ ಮಹಡಿಯ ತಿರುವಿನಲ್ಲಿತ್ತು, ಅದರ ಜೊತೆ ನಾಲ್ಕು ಜೀವ. ಅವಳಿಗೆ ಲೆಕ್ಕ ಬರುತ್ತಿತ್ತು, ಅದೇ ಅವಳ ಶಾಪ. ಜಾಕಿಯನ್ನು ಅವನತ್ತ ತಳ್ಳಿದಳು.

ಅವನು ಅದನ್ನು ನಿಲ್ಲಿಸಿ, ಬಿಗಿದು, ಅವಳತ್ತ ತಿರುಗಿ ಏನೋ ಹೇಳಲು ಬಾಯಿ ತೆರೆದ. ಒಣ ಕಟ್ಟಿಗೆ ಸೀಳಿದಂಥ ಸದ್ದಾಯಿತು. ತೊಲೆ ಒಂದು ಗೇಣು ಕುಸಿಯಿತು. ಮೊದಲನೆಯ ಜಾಕಿ ಬಾಗಿ, ಬಿಲ್ಲಿನಿಂದ ಬಿಟ್ಟಂತೆ ಚಿಮ್ಮಿ, ಅವನ ಕತ್ತಿಗೆ ಬಡಿಯಿತು. ಎರಡನೆಯದು ನರಳುತ್ತ ನಿಂತುಕೊಂಡಿತು.

ಡ್ರೈವರನ ಕುರ್ಚಿ ಬೀದಿಗೆ ಬಂದ ಮೇಲೆ ಅವಳು ತಮ್ಮನನ್ನು ಕಂಕುಳಿಗೆ ಕೈಹಾಕಿ ಎಳೆದು ತಂದಳು. ಅವನಲ್ಲಿ ಉಸಿರಿರಲಿಲ್ಲ.

ಬೀದಿಯಲ್ಲಿ ಜನ ಸುತ್ತುವರಿದರು. ಸೆಕ್ರೆಟರಿ ಕಣ್ಣೊರೆಸಿಕೊಂಡ. "ಎಂಥಾ ಗಟ್ಟಿ ಕೆಲಸ ಮಾಡಿದ್ದ ನೋಡಿ ನಿಮ್ಮ ತಮ್ಮ. ಅದಕ್ಕೇ ಕಟ್ಟಡ ಉಳೀತು."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ತಮ್ಮನ ಹೆಂಡತಿಗೂ ಹೇಳಿಕೊಳ್ಳಲು ಒಂದು ಮಾತು ಸಿಗುತ್ತಿತ್ತು. ಮೇಸ್ತ್ರಿ ಅವಳ ಕಿವಿಯ ಹತ್ತಿರ ಬಗ್ಗಿದ. "ಹಾಗೇ ಇರಲಿ ಅಕ್ಕಾವ್ರೆ. ಹೋದವರ ಹೆಸರು ಕೆಡಿಸೋದು ಬೇಡ."

ಆಗ ಅವಳಿಗೆ ಹೊಳೆಯಿತು. "ಇದೇ ಥರ ಸಂದು ಮುಚ್ಚಿದ್ದು ಇನ್ನೆಲ್ಲಿ?"

ಅವನು ಜಾರಿಕೊಳ್ಳಲು ತಿರುಗಿದ. ಅವಳು ಅವನ ಅಂಗಿ ಹಿಡಿದಳು.

"ಈಚೆಗೆ ನಾವು ರಿಪೇರಿ ಮಾಡಿದ ಶಾಲೆ... ಕೆಳಗಿನ ಕಂಬಗಳು ಎಲ್ಲಾ."

"ಕಟ್ಟಡ ಉಳಿಸಿದ್ದು ಆ ಜಾಕಿ," ಎಂದಳು ಎಂಜಿನಿಯರ್, ಸೆಕ್ರೆಟರಿಗೆ ಕೇಳುವಂತೆ. "ಕಂಬ ಕೆಡಿಸಿದ್ದು ನನ್ನ ತಮ್ಮ." ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಅವಳು ಮೇಸ್ತ್ರಿಯಿಂದ ನಂಬರು ತೆಗೆದುಕೊಂಡು ಶಾಲೆಗೆ ಫೋನ್ ಹಚ್ಚಿದಳು.

"ಮಕ್ಕಳನ್ನು ಈಗಲೇ ಬಯಲಿಗೆ ಕಳಿಸಿ ಮೇಡಂ. ನಿಮ್ಮ ಕಂಬಗಳು ಸರಿಯಿಲ್ಲ. ನಾನು ನಿಮ್ಮ ಕಂಟ್ರಾಕ್ಟರನ ಅಕ್ಕ, ಎಂಜಿನಿಯರ್."

"ಏನ್ರೀ ಇದು? ಪರೀಕ್ಷೆ ನಡೀತಿದೆ!" ಎಂದಳು ಮುಖ್ಯೋಪಾಧ್ಯಾಯಿನಿ. "ಹೋದ ವಾರವಷ್ಟೇ ಎಲ್ಲಾ ಗಟ್ಟಿಯಾಗಿದೆ ಅಂತ ಅವರೇ ಹೇಳಿ ಹೋದರು. ಅವರ ಕೈಗೇ ಫೋನ್ ಕೊಡಿ."

ಅವಳು ತಮ್ಮನ ಕಡೆ ನೋಡಿದಳು. ಯಾರೋ ಅವನ ಮುಖಕ್ಕೆ ಟವೆಲ್ ಹೊದಿಸಿದ್ದರು.

"ಅವನು ತಾನೇ ಕಟ್ಟಿದ ಕಂಬದ ಬುಡದಲ್ಲೇ ಸತ್ತುಹೋದ ಮೇಡಂ. ಇಲ್ಲೇ ಇದ್ದಾನೆ, ನನ್ನ ಕಾಲ ಹತ್ತಿರ. ಮಕ್ಕಳನ್ನು ಹೊರಗೆ ಕಳಿಸಿ."

ಆ ಕಡೆ ಬೆಂಚುಗಳು ನೆಲಕ್ಕೆ ಉಜ್ಜುವ ಸದ್ದು ಕೇಳುವವರೆಗೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.