ಬೀಜದಂಗಡಿ ಕರಿಬಸವಯ್ಯ

"ಇನ್ನೊಂಚೂರು ಎತ್ರಯ್ಯಾ, ಬೆನ್ನು ಜಾರ್ತಾ ಅದೆ," ಎನ್ನುತ್ತ ಲಿಂಗಯ್ಯ ಗೆಳೆಯನ ಹೆಣದ ಕಂಕುಳಿಗೆ ಕೈ ಕೊಟ್ಟ. ನಾಲ್ವರು ಸೇರಿ ಕರಿಬಸವಯ್ಯನ ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸಿದರು. ಅರವತ್ತಮೂರು ವರ್ಷ ಒಂದು ಗಳಿಗೆ ನೆಟ್ಟಗೆ ಕೂರದ ಮನುಷ್ಯ, ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವನ ಹಾಗೆ ಕೂತ. ಸಂಜೆ ಸಮಾಧಿಗೆ ಇಳಿಸುವವರೆಗೆ ಬಂದವರನ್ನೆಲ್ಲ ಅವನು ಹೀಗೇ ಬರಮಾಡಿಕೊಳ್ಳಬೇಕು.

ಬಂದವರು ಅವನಿಗೆ ಹಾರ ಹಾಕಿ, ಕಣ್ಣನ್ನು ಮಾತ್ರ ಅಡುಗೆಮನೆ ಬಾಗಿಲ ಕಡೆ ಹಾಕುತ್ತಿದ್ದರು. ಅಲ್ಲಿ ಕೂತಿದ್ದವಳು ಎರಡನೆಯ ಹೆಂಡತಿ ಪುಟ್ಟಬಸಮ್ಮ, ಇಪ್ಪತ್ತೊಂಬತ್ತರವಳು.

"ಕಾರ್ಯ ಮುಗೀಲಿ, ತಂಗೀನ ಕರ್ಕೊಂಡೋಗ್ತೀನಿ," ಎಂದ ಅವಳ ಅಣ್ಣ ಸದಾಶಿವಯ್ಯ.

"ಧಾರಾಳವಾಗಿ ಕರ್ಕೊಂಡೋಗಿ," ಎಂದ ಸತ್ತವನ ತಮ್ಮ ಸಿದ್ದಮಲ್ಲಪ್ಪ. "ಆದ್ರೆ ಉಡಿಕೆ ಗಿಡಿಕೆ ಅಂತ ಇನ್ನೊಬ್ಬನಿಗೆ ಕಟ್ಟಿ ಅವನ ವಂಶಾನೂ ಮುಳುಗಿಸಬ್ಯಾಡಿ. ಹತ್ತು ಜನದ ಮುಂದೆ ಹೇಳ್ಬುಡ್ತೀನಿ, ಇವಳು ಬಂಜೆ. ಹನ್ನೆರಡು ವರ್ಷ ಸಂಸಾರ ಮಾಡಿದ್ಳು, ಒಂದು ಕೂಸಿಲ್ಲ. ಐಬು ನಮ್ಮಣ್ಣನಲ್ಲಿದ್ದಿದ್ರೆ ಮೊದಲ್ನೇ ಹೆಂಡ್ತಿ ಹೊಟ್ಟೇಲಿ ಪ್ರೇಮಲೀಲಾ ಎಂಗಯ್ಯಾ ಹುಟ್ಟಿದ್ಳು? ಸೂರಿಂದ ಉದುರಿದ್ಳಾ?"

ಒಂದಿಬ್ಬರು ತಲೆಯಾಡಿಸಿದರು. ಸದಾಶಿವಯ್ಯ ನೆಲ ನೋಡಿದ. ಲಿಂಗಯ್ಯನ ಕೈ ತನ್ನ ಎದೆಯ ಲಿಂಗದ ಮೇಲೆ ಹೋಯಿತು.

*

ಆರು ವರ್ಷದ ಹಿಂದೆ, ಸಾವಿರದ ಒಂಬೈನೂರ ಐವತ್ತೆರಡರಲ್ಲಿ, ಆಸ್ಪತ್ರೆಯಲ್ಲಿ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಕರಿಬಸವಯ್ಯನನ್ನು ಕೇಳಿದ್ದರು: "ಮಗಳು ಹುಟ್ಟಿದಾಗ ನಿಮಗೆಷ್ಟು?"

"ಇಪ್ಪತ್ತಾರು."

"ಈಗ ಐವತ್ತೇಳು. ಕೂದಲು ನರೆತದ್ದು ಕನ್ನಡೀಲಿ ಕಾಣುತ್ತೆ, ಇದು ಕಾಣಲ್ಲ. ಕೆಲವರಿಗೆ ಎಪ್ಪತ್ತಕ್ಕೂ ಮಕ್ಕಳಾಗ್ತಾವೆ. ನಿಮ್ಮಲ್ಲಿ ಉಳಿದಿರೋ ವೀರ್ಯಾಣುಗಳೇ ಬೆರಳೆಣಿಕೆ, ಅವಕ್ಕೂ ಚಲನೆಯಿಲ್ಲ. ನಿಮ್ಮ ಮನೆಯವರನ್ನ ಲೇಡಿ ಡಾಕ್ಟರು ನೋಡಿದಾರೆ, ಅವರಲ್ಲಿ ಏನೂ ದೋಷವಿಲ್ಲ."

ಮೂರು ವರ್ಷದ ಹಳೆ ರಾಗಿಬೀಜವನ್ನು ರೈತನಿಗೆ ಕೊಡದೆ ಕೋಳಿಗೆ ಚೆಲ್ಲುತ್ತಿದ್ದ ವ್ಯಾಪಾರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಟಾಂಗಾದಲ್ಲಿ ಲಿಂಗಯ್ಯ ಗೆಳೆಯನನ್ನು ನಗಿಸಲು ಡಾಕ್ಟರ ಮೂಗುದನಿ ಅನುಕರಿಸಿದ. ಅಮಲ್ದಾರರಿಂದ ಹಿಡಿದು ಕುದುರೆಯವರೆಗೆ ಯಾರ ದನಿ ಬೇಕಾದರೂ ಅವನ ಗಂಟಲಲ್ಲಿತ್ತು. ಕರಿಬಸವಯ್ಯ ನಗಲಿಲ್ಲ.

"ಲಿಂಗ ಮುಟ್ಟಿ ಆಣೆ ಮಾಡೋ. ಇದು ಯಾರಿಗೂ ತಿಳೀಬಾರ್ದು."

"ಪುಟ್ಟಬಸವ್ವನಿಗೂ?"

"ಅವಳಿಗೇ ಮೊದಲು ತಿಳೀಬಾರ್ದು."

ಲಿಂಗಯ್ಯ ಎದೆಯ ಮೇಲಿನ ಲಿಂಗ ಮುಟ್ಟಿದ. ಅಂದಿನಿಂದ ಪುಟ್ಟಬಸಮ್ಮ ಸುತ್ತಿದ ಅರಳಿಮರಗಳಿಗೆ, ಕುಡಿದ ಕಷಾಯಗಳಿಗೆ ಲೆಕ್ಕವಿಲ್ಲ. ಕಷಾಯ ಸೋಸಿ ಕೊಡುತ್ತಿದ್ದವನು ಗಂಡನೇ.

*

"ಏಳವ್ವಾ," ಎಂದ ಸಿದ್ದಮಲ್ಲಪ್ಪ. "ಹೆಣದ ಮುಂದೆ ಬಂದು ಒಪ್ಪಿಕೊಂಡ್ಬುಡು. ನಾಳೆ ಯಾರಿಗೂ ಮೋಸ ಆಗಬಾರ್ದು."

ಅವಳು ಗೋಡೆ ಹಿಡಿದು ಎದ್ದಳು. ಒಪ್ಪಿಕೊಳ್ಳಲು ತುಟಿ ಬಿಚ್ಚುವುದೂ ಲಿಂಗಯ್ಯನಿಗೆ ಕಂಡಿತು.

"ಮಲ್ಲಪ್ಪಾ, ಅವಳನ್ನ ಬುಟ್ಬುಡೋ! ಕುಂದು ನಂದು ಕಣೋ."

ಸಾಕ್ಷಾತ್ ಕರಿಬಸವಯ್ಯನ ದನಿ. ಅದೇ ಗೊಗ್ಗರು, ಕೊನೆಗೆ ಅದೇ ಕೆಮ್ಮು. ಭಜನೆಯವರ ತಾಳ ನಿಂತಿತು. ಸಿದ್ದಮಲ್ಲಪ್ಪ ಹಿಂದೆ ಸರಿದವನು ನೀರಿನ ಕೊಳದಪ್ಪಲೆ ಒದ್ದು ಬೀಳಿಸಿದ. ಎಲ್ಲರೂ ಹೆಣವನ್ನೇ ನೋಡುತ್ತಿದ್ದರು.

"ಅವನಲ್ಲ, ಅಂದದ್ದು ನಾನು," ಎಂದ ಲಿಂಗಯ್ಯ. ಈಗ ಅವನದೇ ದನಿ. "ಆಸ್ಪತ್ರೇಲಿ ಡಾಕ್ಟ್ರು ಹೇಳಿದಾಗ ಜೊತೇಲಿದ್ದೆ. ವಯಸ್ಸಿಗೆ ಅವನ ಶಕ್ತಿ ಇಂಗೋಗಿತ್ತು. ಇವಳಲ್ಲಿ ಏನೂ ಐಬಿಲ್ಲ."

ಪುಟ್ಟಬಸಮ್ಮ ಅವನ ಎದುರು ಬಂದು ನಿಂತಳು.

"ಯಾವಾಗ?"

"ಆರು ವರ್ಷ ಆಯ್ತವ್ವಾ."

"ಇಬ್ರಿಗೂ ಗೊತ್ತಿತ್ತು."

"ಹೂಂ."

"ಹೋದ ಸೋಮವಾರಾನೂ ಕಷಾಯ ಕೊಟ್ರು. ಪೂರ್ತಿ ಕುಡಿ, ಬುಡಬ್ಯಾಡ ಅಂದ್ರು."



ಅವಳು ಗಂಡನ ಮುಂದೆ ಮಂಡಿಯೂರಿದಳು. ಗಲ್ಲಕ್ಕೆ ಕಟ್ಟಿದ್ದ ಬಟ್ಟೆ ಸಡಿಲವಾಗಿ, ಏನೋ ಹೇಳಲು ಹೊರಟವನ ಹಾಗೆ ಅವನ ಬಾಯಿ ಅರ್ಧ ತೆರೆದಿತ್ತು. ಅವಳು ಒಂದು ಗಳಿಗೆ ಕಾದಳು. ಆಮೇಲೆ ಅವನ ಗಲ್ಲವನ್ನು ಅಂಗೈಯಿಂದ ಮೇಲಕ್ಕೆ ಒತ್ತಿ, ನೆತ್ತಿಯ ಮೇಲೆ ಬಟ್ಟೆಯ ಎರಡು ತುದಿಗಳನ್ನೂ ಎಳೆದು, ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಗಂಟು ಹಾಕಿದಳು.