ಹಸಿರು ಚುಕ್ಕಿ ಆರಿಸಿದ ಮಧ್ಯಾಹ್ನ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ನಾವು ಹನ್ನೊಂದು ಹೆಂಗಸರು. ನಮ್ಮ ಹೆಸರು ಮ್ಯಾನೇಜರ್‌ಗೆ ಎಂದೂ ಬೇಕಾಗಿರಲಿಲ್ಲ, "ಏ ಲಾಂಡ್ರಿ" ಅಂದರೆ ಅವನ ಕೆಲಸ ಆಗುತ್ತಿತ್ತು. ಹೆಸರು ಬೇಕಾಗಿದ್ದು ಒಬ್ಬಳನ್ನು ಕೆಲಸದಿಂದ ಹೊರಗೆ ಹಾಕಲು ಹೊರಟಾಗ. ಆ ಒಬ್ಬಳು ನಾನು.

ವಿಷಯ ಇಷ್ಟೇ. ವಾರ್ಡುಗಳಿಂದ ಬರುವ ಬೆಡ್‌ಶೀಟುಗಳ ಮಡಿಕೆಯಲ್ಲಿ ಬಳಸಿದ ಸೂಜಿಗಳು ಉಳಿದಿರುತ್ತವೆ. ಕೊಡವಿದರೆ ಕೈಗೆ ಚುಚ್ಚುತ್ತವೆ. ಯಾವ ರೋಗಿಯ ರಕ್ತವೋ, ಯಾವ ಕಾಯಿಲೆಯೋ. ಹೇಳಿಕೊಂಡವರಿಗೆ ಸಿಗುತ್ತಿದ್ದದ್ದು ರಕ್ತಪರೀಕ್ಷೆಯಲ್ಲ, ಗ್ಲೌಸ್ ಹಾಕಿರಲಿಲ್ಲವೆಂಬ ಮೆಮೊ, ಆಮೇಲೆ ಮನೆಯ ದಾರಿ. ಹಾಗಾಗಿ ಎಲ್ಲರೂ ಬೆರಳನ್ನು ನಲ್ಲಿಗೆ ಹಿಡಿದು ಬಾಯಿ ಮುಚ್ಚಿಕೊಂಡಿದ್ದರು.

ನನಗೆ ಮೈ ಉರಿಯುತ್ತಿತ್ತು. ಫೋನ್ ರಿಪೇರಿ ಅಂಗಡಿಯಲ್ಲಿರುವ ನನ್ನ ತಂಗಿ ಒಂದು ಚಾಟ್ ಹಾಕಿಕೊಟ್ಟಳು. ಅದಕ್ಕೆ ನಂಬರ್ ಬೇಡ, ಹೆಸರು ಬೇಡ. ಬರೆದ ಮಾತಿಗೆ ಬೀಗ ಬೀಳುತ್ತದೆ. ಗುರುತು ಪರಿಚಯವಿಲ್ಲದವರ ಹಲವು ಕಂಪ್ಯೂಟರುಗಳನ್ನು ಸುತ್ತಿ ಬಳಸಿ ಅದು ಇನ್ನೊಬ್ಬರ ಫೋನಿಗೆ ಬಂದು ಸೇರುತ್ತದೆ. ನಡುವೆ ಕೂಡಿಟ್ಟುಕೊಳ್ಳುವವರು ಯಾರೂ ಇಲ್ಲ. ಇಬ್ಬರ ಫೋನೂ ಒಟ್ಟಿಗೆ ಆನ್ ಇದ್ದರೆ ಮಾತ್ರ ಮಾತು. ಆನ್ ಇರುವವರ ಅಡ್ಡಹೆಸರಿನ ಪಕ್ಕ ಹಸಿರು ಚುಕ್ಕಿ ಕಾಣುತ್ತದೆ.

ಸೇರುವ ಕೋಡನ್ನು ಶೌಚಾಲಯದ ಬಾಗಿಲ ಹಿಂದೆ ಒಂದು ದಿನ ಅಂಟಿಸಿಟ್ಟೆ. ಹತ್ತು ಮಂದಿಯೂ ಬಂದರು: ಬಕೆಟ್, ಗುಬ್ಬಿ, ಹಳೇ ಟವೆಲ್, ಮಹಾರಾಣಿ, ಹೀಗೆ. ಯಾರು ಯಾರೆಂದು ನನಗೂ ಗೊತ್ತಿಲ್ಲ, ಕೇಳಬಾರದೆಂಬುದೇ ನಮ್ಮ ಕಾನೂನು. ನಾನು ಸೂಜಿ. ಮಧ್ಯಾಹ್ನದ ಟೀ ಹೊತ್ತಿಗೆ ಚುಚ್ಚಿಸಿಕೊಂಡವರು ತಾರೀಖು, ವಾರ್ಡು ಬರೆಯುವರು. ಹೀಗೆ ಹತ್ತೊಂಬತ್ತು ಚುಚ್ಚುಗಳು ಸೇರಿದ ಮೇಲೆ ಪಟ್ಟಿಯನ್ನು ಕಾರ್ಮಿಕ ಇಲಾಖೆಗೆ ಕಳಿಸಿದೆ.

ಇಲಾಖೆಯ ಪತ್ರ ಬಂದ ವಾರಕ್ಕೇ ಮ್ಯಾನೇಜರ್ ಕೆಳಗಿಳಿದು ಬಂದು, ನಮ್ಮ ಚಾಟಿನ ಸಾಲೊಂದನ್ನು ನಮ್ಮೆದುರೇ ಓದಿದ. ನಮ್ಮಲ್ಲೇ ಯಾರೋ ತಮ್ಮ ಫೋನನ್ನು ಅವನ ಕೈಗೆ ಕೊಟ್ಟಿದ್ದರು. ಬೀಗ ಗಟ್ಟಿಯೇ ಇತ್ತು, ಒಳಗಿದ್ದವರೇ ಬಾಗಿಲು ತೆಗೆದಿದ್ದರು.

ಆದರೂ ಪಟ್ಟಿ ಕಳಿಸಿದ ಸೂಜಿ ಯಾರೆಂದು ಆ ಫೋನೂ ಹೇಳುವಂತಿರಲಿಲ್ಲ. ಮರುದಿನ ಟೀ ಹೊತ್ತಿಗೆ ಒಬ್ಬೊಬ್ಬರನ್ನೇ ಕ್ಯಾಬಿನ್ನಿಗೆ ಕರೆಸತೊಡಗಿದ. ಮೊದಲು ಹೋದವಳು ನಮಗೆಲ್ಲ ಹಿರಿಯಳಾದ ಇಸ್ತ್ರಿ ಅಕ್ಕ. ಅವಳ ಫೋನ್ ಆಫ್ ಮಾಡಿಸಿ, ಮೇಜಿನ ಮೇಲಿದ್ದ ಇನ್ನೊಂದು ಫೋನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದನಂತೆ. ಓಹೋ ಬಕೆಟ್ ನೀನಾ ಎಂದು ಕಳಿಸಿದನಂತೆ. ನನಗೆ ಅರ್ಥವಾಯಿತು. ಯಾರ ಫೋನ್ ಆಫ್ ಆದರೆ ಯಾವ ಚುಕ್ಕಿ ಆರುತ್ತದೆಂದು ನೋಡುತ್ತಿದ್ದಾನೆ. ನಾನು ಮೊದಲೇ ಆಫ್ ಮಾಡಿಟ್ಟರೂ ಅಷ್ಟೇ, ಉಳಿದವರೆಲ್ಲ ಗೊತ್ತಾದ ಮೇಲೆ ಮಿಕ್ಕವಳೇ ಸೂಜಿ. ಅಲ್ಲಿಗೆ ನನ್ನ ಕತೆ ಮುಗಿಯಿತು.

ಚಾಟಿನಲ್ಲಿ ಬರೆದರೆ ಅವನೂ ಓದುತ್ತಾನೆ. ಮೆಷಿನ್ನುಗಳ ಗದ್ದಲದ ಮೇಲೆ ದನಿ ಎತ್ತಿ ಹೇಳಿದೆ: "ಒಬ್ಬರು ಒಳಗೆ ಹೋದ ಕೂಡ್ಲೇ ಎಲ್ಲರೂ ಫೋನ್ ಆಫ್ ಮಾಡಿ. ಅವರು ಹೊರಗೆ ಬಂದ್ಮೇಲೆ ಆನ್ ಮಾಡೋಣ."

ಫೋನ್ ಕೊಟ್ಟವಳೂ ಅಲ್ಲೇ ಇದ್ದಳು. ಹೀಗೆ ಹೇಳಿದವಳೇ ಸೂಜಿ ಎಂದು ಅವಳು ಊಹಿಸಬಹುದಿತ್ತು. ಊಹಿಸಲಿ ಎಂದುಕೊಂಡೆ.

ಮುಂದಿನ ಕರೆ ನನಗೇ ಬಂತು. ನನ್ನ ಫೋನ್ ಆಫ್ ಮಾಡಿಸಿದ. ಮೇಜಿನ ಮೇಲಿನ ಫೋನಿನಲ್ಲಿ ಒಂದಾದ ಮೇಲೊಂದು ಹತ್ತು ಚುಕ್ಕಿಯೂ ಆರಿದವು. ಫೋನನ್ನು ಅಲ್ಲಾಡಿಸಿದ, ಕಿಟಕಿಯ ಹತ್ತಿರ ಹಿಡಿದ, ವೈಫೈ ನೋಡಿದ, ಕೊನೆಗೆ ಇಂಗು ತಿಂದ ಮಂಗನ ಹಾಗೆ ನನ್ನ ಕಡೆ ತಿರುಗಿದ. ಸೂಜಿ ಯಾರೆಂದು ಹೇಳಿದರೆ ನನ್ನನ್ನು ಮೇಲ್ವಿಚಾರಕಿ ಮಾಡುವುದಾಗಿ ಹೇಳಿದ. ಭಯವಿರಲಿಲ್ಲ ಎಂದರೆ ಸುಳ್ಳು.

"ಯಾರ್ಯಾರಿಗೆ ಚುಚ್ಚಿದೆ ಅಂತ ಒಂದು ದಿನಾನೂ ಕೇಳಿಲ್ಲ ನೀವು," ಎಂದೆ. "ಬರೆದೋರು ಯಾರು ಅಂತ ಮಾತ್ರ ಯಾಕೆ ಸಾರ್ ಬೇಕು?"

ಆಮೇಲೆ ಹೋದ ಇಬ್ಬರ ಹೊತ್ತಿಗೂ ಹಾಗೇ ಆಯಿತು. ಅಷ್ಟಕ್ಕೇ ಅವನು ಸುಸ್ತಾಗಿ ಬಾಗಿಲು ಹಾಕಿಕೊಂಡ.

ಕೆಳಗೆ ಇಸ್ತ್ರಿ ಅಕ್ಕ ತೋಳೇರಿಸಿ ನಿಂತಿದ್ದಳು. ಇನ್ನು ದ್ರೋಹ ಬಗೆದವಳನ್ನು ಹಿಡಿಯುವುದು ಸುಲಭ, ಯಾರ ಹತ್ತಿರ ಫೋನಿಲ್ಲವೆಂದು ನೋಡಿದರೆ ಸಾಕು ಎಂದಳು. ನನಗೂ ಆಸೆಯಾಯಿತು. ಆ ಕೈ ಸಿಕ್ಕಿದ್ದರೆ ತಿರುಚಿಬಿಡುತ್ತಿದ್ದೆ.

"ಬೇಡ ಅಕ್ಕ. ಅವನು ಮೇಲೆ ಮಾಡ್ತಿರೋದನ್ನೇ ನಾವು ಕೆಳಗೆ ಮಾಡೋದು ಬೇಡ," ಎಂದೆ. ಅಕ್ಕ ಗೊಣಗುತ್ತಾ ಇಸ್ತ್ರಿ ಮೇಜಿಗೆ ಹೋದಳು. ಯಾರೂ ಯಾರ ಜೇಬನ್ನೂ ನೋಡಲಿಲ್ಲ.

ಮಾರನೇ ದಿನ ಟೀ ಹೊತ್ತಿಗೆ ಚುಕ್ಕಿಗಳು ಮತ್ತೆ ಹೊತ್ತಿಕೊಂಡವು. ಗುಬ್ಬಿಯ ಸಾಲು ಬಂತು: "ಫೋನ್ ಕೊಟ್ಟಿದ್ದು ನಾನು. ನಂಗೂ ಚುಚ್ಚಿದೆ, ಎರಡು ಸಲ. ಬರ್ಕೊಳ್ತೀಯಾ?"

ಇದು ಗುಬ್ಬಿಯ ಮಾತೋ, ಅವಳ ಫೋನ್ ಹಿಡಿದ ಮ್ಯಾನೇಜರನ ಮಾತೋ ತಿಳಿಯುವ ದಾರಿ ಇರಲಿಲ್ಲ. ಯಾರ ಮಾತೆಂದು ತಿಳಿಯದಿರಲಿ ಎಂದೇ ನಾನು ಈ ಚಾಟನ್ನು ಶುರುಮಾಡಿದ್ದು. ಅವನೇ ಆಗಿದ್ದರೂ ಇರಲಿ. ಅವನಿಗೆ ಚುಚ್ಚಿದ್ದರೆ ಅವನ ರಕ್ತಪರೀಕ್ಷೆಯೂ ಆಗಲಿ.

ಯಾರೆಂದು ಕೇಳಲಿಲ್ಲ. "ತಾರೀಖು ಹೇಳು, ವಾರ್ಡು ಹೇಳು," ಎಂದು ಬರೆದೆ.